ಬ್ಯಾಡಗಿ ಸ್ಟೇಶನ್ನಿಗೊಂದು ಹಗುರವಾದ ನೆಲ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರಿಗೆ ಮೀಟರ್ ಗೇಜ್ ರೈಲು ನೆನಪಿರಬಹುದು. ನಮ್ಮಪ್ಪನಿಗಂತೂ ರೈಲು ಅಂದ್ರೆ ಅದೇ. ಬ್ಯಾಡಗಿ ಸ್ಟೇಶನ್ನನ್ನು ಹಳೇ ರೂಪದಲ್ಲಿ ಒಂದು ಹಲಗೆಯ ಮೇಲೆ ಕಟ್ಟಿ ಅವರಿಗೆ ತೋರಿಸಬೇಕು ಅಂತ ಹೊರಟೆ. ಹಾಗೆ ಹೊರಟಾಗಲೇ ಆ ದಾರಿಯ ಕಥೆಯೂ ಕೈಗೆ ಸಿಕ್ಕಿತು.

1876-78ರ ಬರ ನಮ್ಮ ಸೀಮೆಯನ್ನು ಹಿಂಡಿಹಾಕಿತ್ತು. ಕಾಳು ಇದ್ದ ಊರಿಂದ ಇಲ್ಲದ ಊರಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ. ಆ ಎತ್ತುಗಳಿಗೂ ಮೇವಿಲ್ಲ! ಬರ ಬೀಳುವ ಸೀಮೆಗೆ ರೈಲು ಬೇಕು ಅಂತ 1880ರ ಕ್ಷಾಮ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯಿಂದ ನಮ್ಮೂರುಗಳ ಮೇಲೆ ಹಾದು ತುಂಗಭದ್ರೆ ದಾಟಿ ಹರಿಹರ ಸೇರುವ ದಾರಿಯನ್ನು ಹಾಕಿದ್ದು ಅದೇ. ಮೀಟರ್ ಗೇಜ್ ಯಾಕೆ? ಖರ್ಚು ಕಡಿಮೆ. ಸಣ್ಣ ಹಳಿ, ಸಣ್ಣ ಸೇತುವೆ, ಹಗುರ ಡಬ್ಬಿ. ಒಟ್ಟಿನಲ್ಲಿ ಅದೂ ಹಗುರದ ಲೆಕ್ಕವೇ.

ನನ್ನ ಲೆಕ್ಕ ಮೊದಲು ತಪ್ಪಿತ್ತು. 19 ಮಿ.ಮೀ. ಬ್ಲಾಕ್‌ಬೋರ್ಡ್ ತಂದು ಎಂಟಡಿ ಹಲಗೆ ಮಾಡಿದೆ. ಎತ್ತೋಕೆ ಇಬ್ಬರು ಬೇಕು. ಅಪ್ಪ ಇರೋದು ರಾಣೆಬೆನ್ನೂರಲ್ಲಿ, ನಾನು ಬೆಂಗಳೂರಲ್ಲಿ. ಅವರಿಗೀಗ ಪ್ರಯಾಣ ಆಗಲ್ಲ. ಹಾಗಾಗಿ ಸ್ಟೇಶನ್ನೇ ಅವರ ಹತ್ತಿರ ಹೋಗಬೇಕು, ಅದೂ ರೈಲಲ್ಲಿ!

ಎರಡನೇ ಸಲ 120 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಎರಡು ತುಂಡು ಮಾಡಿದೆ. 4 ಮಿ.ಮೀ. ಪ್ಲೈವುಡ್ಡನ್ನು 8 ಸೆಂ.ಮೀ. ಪಟ್ಟಿಗಳಾಗಿ ಕೊಯ್ಸಿ, ಎರಡೆರಡು ಪಟ್ಟಿಗಳ ನಡುವೆ ಅಲ್ಲಲ್ಲಿ ಮರದ ಚೂರಿಟ್ಟು ಅಂಟಿಸಿದರೆ ಅದೇ ತೊಲೆ. ಒಳಗೆ ಟೊಳ್ಳು, ಆದರೆ ಬಾಗಲ್ಲ. ಮೇಲೆ ಒಂದಿಂಚು ಥರ್ಮೋಕೋಲ್. ಒಂದು ಎಚ್ಚರಿಕೆ: ದ್ರಾವಕ ಇರುವ ರಬ್ಬರ್ ಅಂಟು ಹಚ್ಚಿದರೆ ಥರ್ಮೋಕೋಲ್ ಕರಗಿಹೋಗುತ್ತೆ (ಒಂದು ಹಾಳೆ ಕಳಕೊಂಡು ಕಲಿತದ್ದು). ಬಿಳಿ ಮರದಂಟೇ ಸರಿ. ಎರಡು ತುಂಡುಗಳನ್ನು ಜೋಡಿಸೋಕೆ ಎರಡು ಬೋಲ್ಟು ಸಾಕು.

ಅಳತೆ 87ಕ್ಕೆ 1. ಒಂದು ಮೀಟರ್ ಗೇಜ್ ಇಲ್ಲಿ ಹನ್ನೊಂದೂವರೆ ಮಿ.ಮೀ., ಸಿಗುವ 12 ಮಿ.ಮೀ. ಹಳಿ ನಡೆಯುತ್ತೆ. ಒಂದು ಕಿಲೋಮೀಟರ್ ದಾರಿಗೆ ಹನ್ನೊಂದೂವರೆ ಮೀಟರ್ ಹಲಗೆ ಬೇಕು! ಹಾಗಾಗಿ ಪ್ಲಾಟ್‌ಫಾರ್ಮ್, ಎರಡು ಹಳಿ, ಮೆಣಸಿನಕಾಯಿ ಚೀಲಗಳು, ಇಷ್ಟಕ್ಕೇ ನಿಲ್ಲಿಸಿದೆ.

ಎರಡು ತುಂಡನ್ನೂ ಬೆಡ್‌ಶೀಟಲ್ಲಿ ಸುತ್ತಿ ಅಪ್ಪರ್ ಬರ್ತ್ ಮೇಲಿಟ್ಟುಕೊಂಡು ಹೊರಟೆ. ಹರಿಹರ ದಾಟಿ ತುಂಗಭದ್ರೆ ಸೇತುವೆ ಸದ್ದು ಮಾಡಿದಾಗ ಒಂಥರಾ ಅನಿಸಿತು. 1990ರ ದಶಕದಲ್ಲಿ ಈ ದಾರಿ ಬ್ರಾಡ್ ಗೇಜ್ ಆಯಿತು, ಹಳೇ ಹಳಿ ಕಿತ್ತರು. ಕಿತ್ತ ಹಳಿ ಈಗ ನನ್ನ ತಲೆಯ ಹತ್ತಿರ, ಬೆಡ್‌ಶೀಟಿನೊಳಗೆ, ಅದೇ ದಾರಿಯಲ್ಲಿ ವಾಪಸ್ ಹೊರಟಿತ್ತು.

ಅಪ್ಪ ಒಂದು ತುಂಡನ್ನು ತಾವೇ ಎತ್ತಿ ತೊಡೆ ಮೇಲಿಟ್ಟುಕೊಂಡರು. ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: "ಎಂಜಿನ್ನಿಗೆ ನೀರು ಕುಡಸೋ ಟಾಕಿ ಎಲ್ಲೈತೋ?"

ಮುಂದಿನ ಸಲ ಅದನ್ನೂ ತರಬೇಕು. ಟಾಕಿಯೂ ಹಗುರವಾಗಿರುತ್ತೆ ಬಿಡಿ.