ತಾಬೋತಿನ ನೆರಳಲ್ಲಿ ಉಳಿದ ಕಾಡು: ಇಥಿಯೋಪಿಯಾದ ಚರ್ಚುವನಗಳ ಕುರಿತು ಒಂದು ಟಿಪ್ಪಣಿ

ಕ್ರೈಸ್ತ ಧರ್ಮಕ್ಕೂ ಪರಿಸರಕ್ಕೂ ಇರುವ ಸಂಬಂಧದ ಚರ್ಚೆ ಸಾಮಾನ್ಯವಾಗಿ 1967ರಿಂದ ಶುರುವಾಗುತ್ತದೆ. ಆ ವರ್ಷ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ಪರಿಸರ ಬಿಕ್ಕಟ್ಟಿನ ಬೇರುಗಳನ್ನು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿ ಗುರುತಿಸಿತು. ಚರ್ಚುಗಳ ಕಡೆಯಿಂದ ಮುಂದೆ ಬಂದ ಮಾತುಗಳಲ್ಲಿ ಎರಡು ಹೆಚ್ಚು ಪರಿಚಿತ. 1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಒಂದನೆಯ ಡಿಮಿಟ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಯ ರಕ್ಷಣೆಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು; 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ ಎಂಬ ಸುದೀರ್ಘ ಪತ್ರ ಹೊರಡಿಸಿದರು. ಇಂಥ ಘೋಷಣೆಗಳು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಮರಗಳನ್ನು ಉಳಿಸಿಕೊಂಡು ಬಂದ ಒಂದು ಚರ್ಚು ಈ ಟಿಪ್ಪಣಿಯ ವಿಷಯ. ಅಲ್ಲಿ ಕಾಡು ಉಳಿದದ್ದು ಯಾವ ಕಾರಣದಿಂದ, ಆ ಕಾರಣ ಮುಂದಕ್ಕೂ ಸಾಕೇ ಎಂಬುದು ಪ್ರಶ್ನೆ.

ಅಕ್ಸುಮ್‌ನ ಅರಸ ಎಜಾನಾ ಕ್ರೈಸ್ತನಾದದ್ದು 4ನೆಯ ಶತಮಾನದಲ್ಲಿ. ಇಥಿಯೋಪಿಯಾದ ಆರ್ಥೊಡಾಕ್ಸ್ ತೆವಾಹೆದೋ ಚರ್ಚಿನ ಪರಂಪರೆ ಅಷ್ಟು ಹಳೆಯದು. ತಾನಾ ಸರೋವರದ ಪೂರ್ವಕ್ಕಿರುವ ದಕ್ಷಿಣ ಗೊಂಡರ್ ಸೀಮೆಯಲ್ಲಿ ತೆಫ್ ಮತ್ತು ಬಾರ್ಲಿ ಬೆಳೆಯುವ ಬಯಲು ಹೊಲಗಳ ನಡುವೆ ಅಲ್ಲಲ್ಲಿ ದುಂಡನೆಯ ದಟ್ಟ ತೋಪುಗಳಿವೆ. ತೋಪಿನ ನಡುವೆ ಚರ್ಚು. ಈ ಸೀಮೆಯೊಂದರಲ್ಲೇ ಇಂಥವು ಸಾವಿರಕ್ಕೂ ಮೇಲಿವೆ. ಇಥಿಯೋಪಿಯಾದವರೇ ಆದ ಅರಣ್ಯಶಾಸ್ತ್ರಜ್ಞ ಅಲೆಮಾಯೆಹು ವಾಸಿ ಮತ್ತು ಸಂಗಡಿಗರು ಇವುಗಳಲ್ಲಿ 28 ವನಗಳನ್ನು ಆರಿಸಿ ಗಿಡಮರಗಳ ಪಟ್ಟಿ ಮಾಡಿದರು. ಅತಿ ಚಿಕ್ಕದು 1.6 ಹೆಕ್ಟೇರ್, ಅತಿ ದೊಡ್ಡದು 100 ಹೆಕ್ಟೇರ್. ಸಿಕ್ಕಿದ್ದು 168 ಜಾತಿಯ ಮರ, ಪೊದೆ, ಬಳ್ಳಿಗಳು; ಅವುಗಳಲ್ಲಿ 160 ಆ ನೆಲದವೇ. ಜುನಿಪರ್, ಕಾಡು ಆಲಿವ್, ಪೋಡೋಕಾರ್ಪಸ್‌ಗಳಂಥ ಹಳೆಯ ಮರಗಳು ಸುತ್ತಲಿನ ಹೊಲಗಳಲ್ಲಿ ಅಪರೂಪ.

ಈ ಕಾಡುಗಳನ್ನು ಅರ್ಥಮಾಡಿಕೊಳ್ಳಲು ಚರ್ಚಿನ ಒಳಗಿನಿಂದ ಹೊರಕ್ಕೆ ಬರಬೇಕು. ದುಂಡನೆಯ ಕಟ್ಟಡದ ನಟ್ಟನಡುವೆ ಮೆಕ್ದೆಸ್ ಎಂಬ ಗರ್ಭಗುಡಿ; ಅದರಲ್ಲಿ ಮೋಶೆಯ ಶಾಸನದ ಹಲಗೆಗಳ ಪ್ರತೀಕವಾದ ತಾಬೋತ್. ಅದನ್ನು ಕಾಣುವ, ಮುಟ್ಟುವ ಅಧಿಕಾರ ಪಾದ್ರಿಗಳಿಗೆ ಮಾತ್ರ. ಜನವರಿಯ ತಿಮ್ಕತ್ ಹಬ್ಬದ ಮೆರವಣಿಗೆಯಲ್ಲೂ ಅದು ಬಟ್ಟೆಯೊಳಗೇ ಇರುತ್ತದೆ. ಮೆಕ್ದೆಸಿನ ಸುತ್ತ ಪ್ರಸಾದ ಸ್ವೀಕರಿಸುವ ಆವರಣ, ಅದರಾಚೆ ಡೋಲು ಬಾರಿಸುತ್ತ ಹಾಡುವವರ ಆವರಣ. ಕಟ್ಟಡದ ಹೊರಗೆ ಅಂಗಳ. ಆಮೇಲೆ ಮರಗಳು, ಗೋರಿಗಳು, ಧರ್ಮಶಿಕ್ಷಣಕ್ಕೆ ಬಂದ ಹುಡುಗರ ಗುಡಿಸಲುಗಳು. ಆ ದಿನ ಮಡಿಯಿಲ್ಲವೆಂದು ಭಾವಿಸಿದವರು ಒಳಗೆ ಹೋಗದೆ ಮರಗಳ ಕೆಳಗೆ ನಿಂತೇ ಪ್ರಾರ್ಥಿಸುತ್ತಾರೆ. ಹೀಗೆ ಕಾಡು ಆರಾಧನೆಯ ಕೊನೆಯ ಸುತ್ತು. ಮರಗಳು ಚರ್ಚಿನ ಉಡುಪು ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಕ್ಯಾಥರೀನ್ ಕಾರ್ಡೆಲುಸ್ ಮತ್ತಿತರ ಸಂಶೋಧಕರು ಇದನ್ನು ‘ನೆರಳಿನ ಸಂರಕ್ಷಣೆ’ ಎಂದು ಕರೆದಿದ್ದಾರೆ: ಕಾಯುವುದು ತಾಬೋತನ್ನು, ಅದರ ನೆರಳಿನಲ್ಲಿ ಮರವೂ ಉಳಿಯುತ್ತದೆ.

ಇಲ್ಲಿ ಒಂದು ಜನಪ್ರಿಯ ಕಥನವನ್ನು ಪರೀಕ್ಷಿಸಬೇಕು. 20ನೆಯ ಶತಮಾನದ ಆರಂಭದಲ್ಲಿ ಇಥಿಯೋಪಿಯಾದ ಶೇ. 40ರಷ್ಟು ನೆಲ ಕಾಡಾಗಿತ್ತು, ಕೆಲವೇ ದಶಕಗಳಲ್ಲಿ ಅದೆಲ್ಲ ನಾಶವಾಗಿ ಚರ್ಚಿನ ತೋಪುಗಳು ಮಾತ್ರ ಉಳಿದವು ಎಂಬುದು ಆ ಕಥನ. ಶೇ. 40ರ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲವೆಂದು ಇತಿಹಾಸಕಾರ ಜೇಮ್ಸ್ ಮೆಕ್ಯಾನ್ 1997ರಲ್ಲೇ ತೋರಿಸಿದ್ದರು. ಇಟಲಿಯ ಆಕ್ರಮಣದ ಕಾಲದಲ್ಲಿ, 1938ರಲ್ಲಿ, ವಿಮಾನದಿಂದ ತೆಗೆದ ಚಿತ್ರಗಳೂ ಇದನ್ನು ಬೆಂಬಲಿಸುತ್ತವೆ. ಉತ್ತರದ ಈ ಸೀಮೆ ಆಗಲೇ ಉಳುಮೆಯ ನಾಡಾಗಿತ್ತು. ಚರ್ಚಿನ ತೋಪುಗಳು ಆಗಲೇ ಬಿಡಿಬಿಡಿಯಾಗಿದ್ದವು. ಆ ಚಿತ್ರಗಳನ್ನು 2015ರವರೆಗಿನ ಚಿತ್ರಗಳೊಂದಿಗೆ ಹೋಲಿಸಿದವರಿಗೆ ತೋಪುಗಳ ವಿಸ್ತೀರ್ಣ ಒಟ್ಟಾರೆ ಕುಗ್ಗಿದ್ದು ಕಾಣಲಿಲ್ಲ. ಬದಲಾದದ್ದು ಅಂಚು ಮತ್ತು ಒಡಲು: ಸುತ್ತಲಿದ್ದ ಕುರುಚಲು ಮಾಯವಾಗಿ ಹೊಲ ನೇರವಾಗಿ ಮರಗಳ ಬುಡಕ್ಕೆ ಬಂದಿದೆ, ಹಲವೆಡೆ ನೀಲಗಿರಿ ಸೇರಿಕೊಂಡಿದೆ.

ನೀಲಗಿರಿಯ ಹಿಂದೆ ಜಮೀನಿನ ಚರಿತ್ರೆ ಇದೆ. ಚಕ್ರಾಧಿಪತ್ಯದ ಕಾಲದಲ್ಲಿ ಚರ್ಚಿಗೆ ಉಂಬಳಿ ಭೂಮಿಗಳಿದ್ದವು. 1975ರಲ್ಲಿ ದೆರ್ಗ್ ಸೇನಾ ಸರ್ಕಾರ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿದಾಗ ಆ ಆದಾಯ ನಿಂತಿತು. ಚಾವಣಿ ದುರಸ್ತಿಗೂ ನಿತ್ಯದ ಖರ್ಚಿಗೂ ಬೇಗ ಬೆಳೆದು ಬೇಗ ಮಾರಾಟವಾಗುವ ನೀಲಗಿರಿ ಕೈಗೆಟಕುವ ದಾರಿಯಾಯಿತು. ಇದನ್ನು ಪಾದ್ರಿಗಳ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಉಂಬಳಿ ಕಳೆದುಕೊಂಡ ಸಂಸ್ಥೆಯೊಂದು ತನ್ನ ಅಂಗಳದಿಂದಲೇ ಬದುಕಲು ಹೊರಟದ್ದರ ಫಲ ಇದು.

ಇನ್ನೊಂದು ಕುಂದು ವಿಸ್ತೀರ್ಣದ ಲೆಕ್ಕದಲ್ಲಿ ಕಾಣುವುದಿಲ್ಲ. ದೊಡ್ಡ ಮರಗಳ ಕೆಳಗೆ ಸಸಿಗಳು ವಿರಳ; ಮೇಯಲು ನುಗ್ಗುವ ದನಕರುಗಳು ಮೊಳಕೆಯನ್ನು ತಿನ್ನುತ್ತವೆ, ತುಳಿಯುತ್ತವೆ. ವಾಸಿ ಮತ್ತು ಸಂಗಡಿಗರು ಬೇಲಿ ಹಾಕಿದ ಹಾಗೂ ಹಾಕದ ತುಂಡುಗಳಲ್ಲಿ ದೇಸಿ ಮರಗಳ ಬೀಜ ಬಿತ್ತಿ, ಸಸಿ ನೆಟ್ಟು ಹೋಲಿಸಿದರು. ಮೊಳೆತದ್ದು, ಬದುಕಿದ್ದು, ಬೆಳೆದದ್ದು ಎಲ್ಲವೂ ಬೇಲಿಯೊಳಗೇ ಹೆಚ್ಚು. ಮುಂದೆ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಅವರೊಂದಿಗೆ ಸೇರಿ ವಾಸಿ ಪಾದ್ರಿಗಳ ಸಭೆ ಕರೆದರು. ತಮ್ಮ ತೋಪು ಆಕಾಶದಿಂದ ಎಷ್ಟು ಚಿಕ್ಕದಾಗಿ ಕಾಣುತ್ತದೆಂಬುದನ್ನು ಪಾದ್ರಿಗಳು ಉಪಗ್ರಹ ಚಿತ್ರದಲ್ಲಿ ನೋಡಿದರು. ಆ ಬಳಿಕ ಹಲವು ವನಗಳ ಸುತ್ತ ಕಲ್ಲಿನ ಗೋಡೆ ಎದ್ದಿತು. ಹೊಲದಲ್ಲಿ ಉಳುಮೆಗೆ ಅಡ್ಡಬರುತ್ತಿದ್ದ ಕಲ್ಲುಗಳೇ ಗೋಡೆಗೆ ಬಂದದ್ದರಿಂದ ರೈತನಿಗೂ ಅನುಕೂಲವಾಯಿತು.

ಕನ್ನಡದ ಓದುಗರಿಗೆ ಇಲ್ಲಿ ಕೊಡಗಿನ ದೇವರಕಾಡು ನೆನಪಾಗುವುದು ಸಹಜ. 1905ರಲ್ಲಿ ಸುಮಾರು 15,500 ಎಕರೆಯಷ್ಟಿದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಭಕ್ತಿಯೇ ಕಾಡನ್ನು ಕಾಯುತ್ತದೆ ಎಂಬ ವಿವರಣೆ ಈ ಅಂಕಿಗಳ ಮುಂದೆ ಸಾಲದಾಗುತ್ತದೆ, ಏಕೆಂದರೆ ಭಕ್ತಿ ಎರಡೂ ಕಡೆ ಇತ್ತು. ಗೊಂಡರಿನ ತೋಪಿನಲ್ಲಿ ಪಾದ್ರಿಗಳೂ ವಿದ್ಯಾರ್ಥಿಗಳೂ ನಿತ್ಯ ಓಡಾಡುತ್ತಾರೆ, ಎಲ್ಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ವ್ಯತ್ಯಾಸಕ್ಕೆ ಇದು ಒಂದು ಕಾರಣವಿರಬಹುದು. ಎರಡು ನಾಡುಗಳ ಭೂಹಿಡುವಳಿ ಬೇರೆ ಬೇರೆಯಾದ್ದರಿಂದ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು.

ಒಟ್ಟಿನಲ್ಲಿ, ಇಥಿಯೋಪಿಯಾದ ಸಾಕ್ಷ್ಯ ಲಿನ್ ವೈಟರ ವಾದವನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಅವರ ಗುರಿ ಪಶ್ಚಿಮದ ಚರ್ಚು. ಆದರೆ ಧರ್ಮವೊಂದರ ಪರಿಸರ ಕಾಳಜಿಯನ್ನು ಅದರ ಗ್ರಂಥ, ಘೋಷಣೆಗಳಿಂದಷ್ಟೇ ಅಳೆಯುವ ರೂಢಿಯನ್ನು ಅದು ಪ್ರಶ್ನಿಸುತ್ತದೆ. ತಾಬೋತಿನ ಪಾವಿತ್ರ್ಯ ಮರವನ್ನು ಉಳಿಸಿತು, ಸಸಿಯನ್ನು ಉಳಿಸಲಿಲ್ಲ. ಸಸಿಗೆ ಗೋಡೆಯೂ ಬೇಕು, ಚರ್ಚಿಗೆ ನೀಲಗಿರಿ ಬಿಟ್ಟು ಬೇರೆ ಆದಾಯವೂ ಬೇಕು. ಯಾವುದೇ ಚರ್ಚಿನ ಪರಿಸರ ಕಾಳಜಿಯನ್ನು ಅಧ್ಯಯನ ಮಾಡುವವರು ಅದರ ಪ್ರಕಟಣೆಗಳ ಜೊತೆಗೆ ಜಮೀನಿನ ದಾಖಲೆ, ಲೆಕ್ಕದ ಪುಸ್ತಕ ಮತ್ತು ಆವರಣದ ಸಸಿಗಳನ್ನೂ ನೋಡಬೇಕು.