ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಪಾರ್ಶ್ವವಾಯುವಿಗೆ ನಮ್ಮ ಜನ ಲಕ್ವ ಎನ್ನುತ್ತಾರೆ. ‘ಲಕ್ವ ಹೊಡೆಯಿತು’ ಎಂಬ ಮಾತಿನಲ್ಲಿಯೇ ಒಂದು ತೀರ್ಪು ಅಡಗಿದೆ. ಹೊಡೆದದ್ದಾಯಿತು, ಇನ್ನುಳಿದದ್ದು ಹಾಸಿಗೆ ಮತ್ತು ಹಣೆಬರಹ ಎಂಬ ಭಾವ ಅದರದು. ಈ ನಿರಾಸೆ ನಮ್ಮ ಹಳ್ಳಿಗರದು ಮಾತ್ರವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಪಶ್ಚಿಮದ ದೇಶಗಳಲ್ಲಿಯೂ ಜೀವ ಉಳಿದರೆ ಸಾಕೆನ್ನುವ ಧೋರಣೆಯೇ ಪ್ರಬಲವಾಗಿತ್ತು. ಮನೆಗೆ ಮರಳಿದ ರೋಗಿಗೆ ಮುಂದೇನು ಎಂಬ ಪ್ರಶ್ನೆ ಬಹುಮಟ್ಟಿಗೆ ಮನೆಯವರ ಪಾಲಿನದಾಗಿತ್ತು.

ಆ ಪ್ರಶ್ನೆಗೆ ಇಂಗ್ಲೆಂಡಿನ ಒಂದು ಹಳ್ಳಿ ಉತ್ತರ ಹುಡುಕಿದ ಕಥೆ ಸ್ವಾರಸ್ಯಕರವಾದುದು. ‘ಹಡ್’ ಚಿತ್ರದ ಅಭಿನಯಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದಿದ್ದ ನಟಿ ಪೆಟ್ರೀಷಿಯಾ ನೀಲ್ ಅವರಿಗೆ 1965ರ ಫೆಬ್ರವರಿಯಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ, ಮೆದುಳಿನ ಉಬ್ಬಿದ ರಕ್ತನಾಳ ಒಡೆದು ರಕ್ತಸ್ರಾವವಾಯಿತು. ಆಗ ಅವರು ಗರ್ಭಿಣಿ; ವಯಸ್ಸು ಮೂವತ್ತೊಂಬತ್ತು. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ, ಅನಂತರ ವಾರಗಳ ಕಾಲ ಪ್ರಜ್ಞೆಯಿಲ್ಲದ ಸ್ಥಿತಿ. ಎಚ್ಚರವಾದಾಗ ಬಲಭಾಗ ಸೋತಿತ್ತು, ಮಾತು ಹೋಗಿತ್ತು. ಪತಿ, ಮಕ್ಕಳ ಕಥೆಗಳಿಂದ ಹೆಸರಾದ ರೋಆಲ್ಡ್ ಡಾಲ್, ಅವರನ್ನು ಬಕಿಂಗ್‌ಹ್ಯಾಮ್‌ಶೈರಿನ ಗ್ರೇಟ್ ಮಿಸೆಂಡನ್ ಎಂಬ ತಮ್ಮ ಹಳ್ಳಿಗೆ ಕರೆತಂದರು. ಹೊಟ್ಟೆಯಲ್ಲಿದ್ದ ಮಗು ಅದೇ ವರ್ಷದ ಆಗಸ್ಟಿನಲ್ಲಿ ಆರೋಗ್ಯವಾಗಿ ಜನಿಸಿತು.

ಡಾಲ್ ಮಾಡಿದ ಲೆಕ್ಕ ಸರಳವಾದುದು. ಚಿಕಿತ್ಸಕರು ಬಂದು ಕೊಡುವ ಅಲ್ಪ ಹೊತ್ತು ಮುಗಿದ ಮೇಲೆ ದಿನದ ಉಳಿದ ಭಾಗವೆಲ್ಲ ರೋಗಿ ಗೋಡೆ ನೋಡುತ್ತಾ ಕುಳಿತರೆ ಮೆದುಳು ಕಲಿಯುವುದಾದರೂ ಹೇಗೆ? ಅವರು ನೆರೆಹೊರೆಯವರನ್ನು ಕೂಡಿಸಿ ಸರದಿ ಮಾಡಿದರು. ಒಬ್ಬರು ಹೋದ ಮೇಲೆ ಇನ್ನೊಬ್ಬರು. ದಿನಕ್ಕೆ ಹಲವು ಗಂಟೆ ಓದು, ಎಣಿಕೆ, ಪದಬಂಧ, ಮಾತುಕತೆ. ಇವರಲ್ಲಿ ಮುಖ್ಯರಾದವರು ವ್ಯಾಲರಿ ಈಟನ್ ಗ್ರಿಫಿತ್. ಆಕೆ ವೈದ್ಯೆಯೂ ಅಲ್ಲ, ವಾಕ್ ಚಿಕಿತ್ಸಕಿಯೂ ಅಲ್ಲ. ಆದರೆ ಕಲಿಯುವವರ ಆಸಕ್ತಿ ಯಾವುದರಲ್ಲಿದೆ ಎಂಬುದನ್ನು ಮೊದಲು ಕಂಡುಕೊಂಡು, ಅಲ್ಲಿಂದಲೇ ಪಾಠ ಆರಂಭಿಸುವ ವಿವೇಕ ಆಕೆಗಿತ್ತು. (ತರಬೇತಿ ಪಡೆದ ಎಷ್ಟೋ ಉಪಾಧ್ಯಾಯರಿಗೆ ಇದು ನಿವೃತ್ತಿಯವರೆಗೂ ಸಿದ್ಧಿಸುವುದಿಲ್ಲ.)

ಡಾಲ್ ಅವರ ಕಟ್ಟುನಿಟ್ಟನ್ನು ಕ್ರೌರ್ಯವೆಂದು ಭಾವಿಸಿದವರೂ ಉಂಟು. ಅದು ಪೂರ್ತಿ ಸುಳ್ಳೆನ್ನಲಾಗದು. ಸ್ವತಃ ನೀಲ್ ತಮ್ಮ ಆತ್ಮಕಥೆಯಲ್ಲಿ ಆ ಕಾಲದ ಕೋಪವನ್ನೂ ಅದರಿಂದ ದೊರೆತ ಫಲವನ್ನೂ ಮರೆಮಾಚದೆ ಬರೆದಿದ್ದಾರೆ. ಎರಡು ವರ್ಷದ ಬಳಿಕ, 1967ರ ಮಾರ್ಚಿನಲ್ಲಿ, ಅವರು ನ್ಯೂಯಾರ್ಕಿನ ಸಭೆಯೊಂದರಲ್ಲಿ ಭಾಷಣ ಮಾಡಿದರು. 1968ರಲ್ಲಿ ಮತ್ತೆ ತೆರೆಯ ಮೇಲೆ ಬಂದರು.

ಗ್ರಿಫಿತ್ ತಮ್ಮ ಅನುಭವವನ್ನು 1970ರಲ್ಲಿ ಪುಸ್ತಕವಾಗಿ ಬರೆದರು. 1973ರಲ್ಲಿ ಸ್ವಯಂಸೇವಕರು ರೋಗಿಗಳ ಮನೆಗೆ ಹೋಗಿ ಮಾತು ಕಲಿಸುವ ಯೋಜನೆಯೊಂದು ಬ್ರಿಟನ್ನಿನಲ್ಲಿ ಆರಂಭವಾಯಿತು. ಅಡುಗೆಮನೆ ಮತ್ತು ಹಜಾರದಲ್ಲಿ ನಡೆದ ಪಾಠ ಹೀಗೆ ಸಂಸ್ಥೆಯ ರೂಪ ತಾಳಿತು.

ಆದರೆ ಒಬ್ಬ ನಟಿಯ ಗೆಲುವು ಪುರಾವೆಯಾಗದು. ಆಸ್ಪತ್ರೆಯಿಂದ ಬೇಗ ಬಿಡುಗಡೆ ಮಾಡಿ ತಜ್ಞರ ತಂಡವನ್ನೇ ಮನೆಗೆ ಕಳಿಸಿದರೆ ಏನಾದೀತೆಂದು 1990ರ ದಶಕದಲ್ಲಿ ಲಂಡನ್, ಸ್ಟಾಕ್‌ಹೋಮ್ ಮುಂತಾದೆಡೆ ಪರೀಕ್ಷಿಸಿದರು. ಅಂಥ 17 ಪ್ರಯೋಗಗಳ, 2422 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ವಿಮರ್ಶೆಯ ಪ್ರಕಾರ, ತೀವ್ರತೆ ಕಡಿಮೆಯಿದ್ದವರಲ್ಲಿ ಈ ಕ್ರಮದಿಂದ ಪರಾವಲಂಬನೆ ತಗ್ಗುತ್ತದೆ. ಆಸ್ಪತ್ರೆಯ ವಾಸವೂ ಸುಮಾರು ಐದಾರು ದಿನ ಕಡಿಮೆಯಾಗುತ್ತದೆ.

ತಜ್ಞರ ತಂಡವನ್ನು ಮನೆಮನೆಗೆ ಕಳಿಸುವುದು ಸಿರಿವಂತ ದೇಶಗಳಿಗೆ ಸಾಧ್ಯವಾದ ಮಾತು. ನಮ್ಮಲ್ಲಿ ತಂಡವೆಲ್ಲಿ? ಮನೆಯವರಿಗೇ ತರಬೇತಿ ಕೊಟ್ಟರಾಗದೆ ಎಂಬ ಯೋಚನೆ ಸಹಜವಾಗಿಯೇ ಬಂತು. ‘ಅಟೆಂಡ್’ ಎಂಬ ಹೆಸರಿನ ಅಧ್ಯಯನ ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು ಅದನ್ನೇ ಪರೀಕ್ಷಿಸಿತು. ಅರ್ಧದಷ್ಟು ಜನರ ಮನೆಯವರಿಗೆ ಆಸ್ಪತ್ರೆಯಲ್ಲಿಯೇ ಕಲಿಸಲು ತೊಡಗಿ, ಮನೆಯಲ್ಲಿಯೂ ಎರಡು ತಿಂಗಳವರೆಗೆ ಮುಂದುವರಿಸಿದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇಕಡ 47.

ಈ ಅಂಕಿ ಓದಿದಾಗ ಬೇಸರವಾಗುತ್ತದೆ. ಆದರೂ ಅದನ್ನು ಪ್ರಕಟಿಸಿದ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಸೊಸೆಯೋ ಹೆಂಡತಿಯೋ ಇದ್ದಾಳಲ್ಲ, ಅವಳಿಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟರೆ ಸರ್ಕಾರದ ಕೆಲಸ ಮುಗಿಯಿತು ಎನ್ನುವವರಿಗೆ ಅದು ಅಡ್ಡ ನಿಲ್ಲುತ್ತದೆ. ಮನೆಯವರ ಪ್ರೀತಿಯಲ್ಲಿ ಕೊರತೆಯಿತ್ತು ಎಂದು ಅದರ ಅರ್ಥವಲ್ಲ. ಹಗಲು ಗದ್ದೆಗೋ ಕಾರ್ಖಾನೆಗೋ ಹೋಗಿ, ರಾತ್ರಿ ರೋಗಿಯನ್ನು ಮಗ್ಗುಲಿಗೆ ಹೊರಳಿಸುವ ಒಂದೇ ಜೀವಕ್ಕೆ ಅಷ್ಟನ್ನು ಹೊರಿಸುವುದು ನ್ಯಾಯವೇ ಎಂಬುದು ನನ್ನ ತಕರಾರು. ಗ್ರೇಟ್ ಮಿಸೆಂಡನ್ನಿನಲ್ಲಿ ಒಬ್ಬ ರೋಗಿಗೆ ನೆರೆಯವರ ಒಂದು ಸರದಿಯೇ ಇತ್ತು. ಪತಿಗೆ ಬರೆಯಲು ಬಿಡುವಿತ್ತು, ಮನೆಗೆಲಸಕ್ಕೆ ಜನರಿದ್ದರು. ನಮ್ಮ ಅಧ್ಯಯನದಲ್ಲಿ ತರಬೇತಿಗೆಂದು ಗೊತ್ತುಮಾಡಿದ್ದು ಮನೆಯ ಒಬ್ಬರನ್ನು.