ಹೋಟೆಲ್ ವಾರ್ಡ್‌ರೋಬ್: ವಿನ್ಯಾಸದ ಇತಿಹಾಸ

ಹೋಟೆಲಿನ ಅತಿಥಿ ಕೊಠಡಿಯಲ್ಲಿ ತಂಗುವವರು ಬಟ್ಟೆಬರೆ, ಪಾದರಕ್ಷೆ, ಪೆಟ್ಟಿಗೆಗಳನ್ನು ಇರಿಸಿಕೊಳ್ಳಲು ಒದಗಿಸುವ ಕಪಾಟೇ ಹೋಟೆಲ್ ವಾರ್ಡ್‌ರೋಬ್. ಐಷಾರಾಮಿ ಹೋಟೆಲುಗಳಲ್ಲಿ ಇದನ್ನು ಸಿದ್ಧವಾಗಿ ಕೊಳ್ಳುವುದಕ್ಕಿಂತ ಕೊಠಡಿಯ ಅಳತೆಗೆ ತಕ್ಕಂತೆ ಮಾಡಿಸುವುದೇ ರೂಢಿ. 19ನೆಯ ಶತಮಾನದಲ್ಲಿ ಬಿಡಿ ಪೀಠೋಪಕರಣವಾಗಿದ್ದ ಇದು 20ನೆಯ ಶತಮಾನದ ಆರಂಭದಲ್ಲಿ ಗೋಡೆಯ ಭಾಗವಾಯಿತು. ಅದೇ ಶತಮಾನದ ಕೊನೆಯ ಹೊತ್ತಿಗೆ ತಿಜೋರಿ, ಮಿನಿಬಾರ್, ಇಸ್ತ್ರಿಪೆಟ್ಟಿಗೆಗಳಿಗೂ ನೆಲೆಯಾಯಿತು. ಅಲಂಕಾರದ ಅಭಿರುಚಿಗಿಂತ ಹೆಚ್ಚಾಗಿ ಪ್ರಯಾಣಿಕರ ಸಾಮಾನಿನ ಪ್ರಮಾಣ, ಸ್ವಚ್ಛತೆಯ ಕಲ್ಪನೆ ಮತ್ತು ಕಟ್ಟಡದ ಜಾಗದ ಬೆಲೆ ಈ ಬದಲಾವಣೆಗಳನ್ನು ನಿರ್ಧರಿಸಿವೆ.

ಹಿನ್ನೆಲೆ

ಅಮೆರಿಕದ ಬಾಸ್ಟನ್‌ನಲ್ಲಿ 1829ರಲ್ಲಿ ತೆರೆದ ಟ್ರೆಮಾಂಟ್ ಹೌಸ್ ಅತಿಥಿಗಳಿಗೆ ಬೀಗವಿರುವ ಪ್ರತ್ಯೇಕ ಕೊಠಡಿಗಳನ್ನು ಒದಗಿಸಿತು. ವಾಸ್ತುಶಿಲ್ಪಿ ಐಸಾಯ ರಾಜರ್ಸ್ ವಿನ್ಯಾಸಗೊಳಿಸಿದ ಈ ಕಟ್ಟಡವನ್ನು ಆಧುನಿಕ ಹೋಟೆಲಿನ ಮೊದಲ ಮಾದರಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಅಪರಿಚಿತರೊಂದಿಗೆ ಕೋಣೆ ಹಂಚಿಕೊಳ್ಳುವ ಛತ್ರದಲ್ಲಿ ಪೆಟ್ಟಿಗೆಯಿಂದ ಬಟ್ಟೆ ಹೊರತೆಗೆದು ಜೋಡಿಸುವ ಪ್ರಶ್ನೆಯೇ ಇರಲಿಲ್ಲ. ಬಾಗಿಲಿಗೆ ಬೀಗ ಬಂದ ಮೇಲೆ ಕಪಾಟಿಗೂ ಅರ್ಥ ಬಂತು.

ಆಗಿನ ಶ್ರೀಮಂತರ ಪ್ರವಾಸ ವಾರಗಟ್ಟಲೆ, ಕೆಲವೊಮ್ಮೆ ಇಡೀ ಋತುವಿನುದ್ದಕ್ಕೂ ನಡೆಯುತ್ತಿತ್ತು. ಬೆಳಗಿಗೊಂದು, ಸಂಜೆಗೊಂದು, ರಾತ್ರಿಯೂಟಕ್ಕೊಂದು ಉಡುಪು ಬೇಕು. ಸಾಮಾನು ಹೊರಲು, ಬಿಚ್ಚಿ ಜೋಡಿಸಲು ಆಳುಗಳು ಜೊತೆಗೇ ಬರುತ್ತಿದ್ದರು. ಪ್ಯಾರಿಸ್ಸಿನ ಲೂಯಿ ವಿಟಾನ್ ಸಂಸ್ಥೆ 1858ರಲ್ಲಿ ಒಂದರ ಮೇಲೊಂದು ಪೇರಿಸಬಹುದಾದ ಚಪ್ಪಟೆ ಮುಚ್ಚಳದ ಟ್ರಂಕನ್ನೂ 1875ರಲ್ಲಿ ನಿಲ್ಲಿಸಿ ತೆರೆಯುವ ವಾರ್ಡ್‌ರೋಬ್ ಟ್ರಂಕನ್ನೂ ತಂದಿತು. ಎರಡನೆಯದು ಒಂದು ಬದಿಯಲ್ಲಿ ಬಟ್ಟೆ ತೂಗುಹಾಕುವ, ಇನ್ನೊಂದು ಬದಿಯಲ್ಲಿ ಡ್ರಾಯರುಗಳಿರುವ ಸಂಚಾರಿ ಕಪಾಟು. ಹೋಟೆಲುಗಳು ಒದಗಿಸುತ್ತಿದ್ದದ್ದು ಎತ್ತರದ, ಬಾಗಿಲಿಗೆ ಕನ್ನಡಿ ಕೂರಿಸಿದ ಮರದ ಬೀರು.

ರಿಟ್ಜ್ ಮತ್ತು ಧೂಳಿನ ಪ್ರಶ್ನೆ

ಸೇಸರ್ ರಿಟ್ಜ್ 1898ರಲ್ಲಿ ಪ್ಯಾರಿಸ್ಸಿನ ವಾಂದೋಮ್ ಚೌಕದಲ್ಲಿ ತೆರೆದ ಹೋಟೆಲು ಐಷಾರಾಮವನ್ನು ಸ್ವಚ್ಛತೆಯೊಂದಿಗೆ ಬೆಸೆಯಿತು. ರೋಗಾಣುಗಳ ಬಗ್ಗೆ ಯುರೋಪಿನಲ್ಲಿ ಹೊಸ ತಿಳಿವಳಿಕೆ ಹರಡುತ್ತಿದ್ದ ಕಾಲವದು. ಧೂಳು ಹಿಡಿಯುವ ಗೋಡೆ ಕಾಗದದ ಬದಲು ಬಣ್ಣ ಬಳಿದ ಗೋಡೆಗಳನ್ನು, ಮರದ ಮಂಚದ ಬದಲು ಹಿತ್ತಾಳೆ ಮಂಚವನ್ನು ರಿಟ್ಜ್ ಬಯಸಿದ. ಬಿಡಿ ಬೀರುವಿನ ನೆತ್ತಿ, ಬೆನ್ನು, ಅಡಿಭಾಗಗಳು ಕೈಗೆಟುಕದ ಧೂಳಿನ ತಾಣಗಳು; ಗೋಡೆಯೊಳಗೇ ಹುದುಗಿಸಿದ ಕಪಾಟಿಗೆ ಆ ತೊಂದರೆ ಇಲ್ಲ. ಗೋಡೆಯ ಹಲಗೆಗಳಿಗೆ ಹೊಂದುವ ಬಾಗಿಲುಗಳಿದ್ದರೆ ಕೊಠಡಿಯ ಶೈಲಿಯೂ ಕೆಡುವುದಿಲ್ಲ. ಹೀಗೆ ವಾರ್ಡ್‌ರೋಬಿನ ಹೊಣೆ ಪೀಠೋಪಕರಣ ವ್ಯಾಪಾರಿಯಿಂದ ವಾಸ್ತುಶಿಲ್ಪಿಯ ನಕ್ಷೆಗೆ ದಾಟಿತು.

ಇದೇ ವೇಳೆಗೆ ಬಳಕೆಗೆ ಬಂದ ಭುಜದಾಕಾರದ ಹ್ಯಾಂಗರು ಕಪಾಟಿನ ಒಳಾಂಗಣವನ್ನು ಬದಲಿಸಿತು. ಅದಕ್ಕೂ ಮುಂಚೆ ಬಟ್ಟೆಗಳನ್ನು ಮಡಚಿ ಹಲಗೆಯ ಮೇಲಿಡುತ್ತಿದ್ದರು, ಇಲ್ಲವೇ ಗೂಟಕ್ಕೆ ನೇತುಹಾಕುತ್ತಿದ್ದರು. ಆಳ ಕಡಿಮೆ ಇದ್ದರೂ ಸಾಕಾಗುತ್ತಿತ್ತು. ಕೋಟು ತೊಡಿಸಿದ ಹ್ಯಾಂಗರು ಅಡ್ಡ ಸರಳಿನ ಮೇಲೆ ಕೂರಬೇಕಾದರೆ ಸುಮಾರು 55ರಿಂದ 60 ಸೆಂಟಿಮೀಟರ್ ಆಳ ಬೇಕು. ಇಂದಿಗೂ ಇದೇ ಅಳತೆ ಚಾಲ್ತಿಯಲ್ಲಿದೆ.

ಸ್ಟಾಟ್ಲರ್ ಮಾದರಿ

ಎಲ್ಸ್‌ವರ್ತ್ ಸ್ಟಾಟ್ಲರ್ 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ತೆರೆದ ಹೋಟೆಲು ಒಂದೂವರೆ ಡಾಲರಿಗೆ ಸ್ನಾನಗೃಹ ಸಹಿತ ಕೊಠಡಿ ಎಂದು ಸಾರಿತು. ಅಕ್ಕಪಕ್ಕದ ಸ್ನಾನಗೃಹಗಳ ಕೊಳವೆಗಳನ್ನು ಒಂದೇ ಲಂಬ ಮಾರ್ಗದಲ್ಲಿ ಇಳಿಸಿ ಸ್ಟಾಟ್ಲರ್ ವೆಚ್ಚ ತಗ್ಗಿಸಿದ. ಕೊಠಡಿಗಳಲ್ಲಿ ಬಟ್ಟೆಗೂಡು, ಆಳುದ್ದ ಕನ್ನಡಿ ಇದ್ದವು. ಪ್ರವೇಶದ್ವಾರದ ಒಂದು ಬದಿಗೆ ಸ್ನಾನಗೃಹ, ಅದರೆದುರಿಗೆ ಅಥವಾ ಪಕ್ಕದಲ್ಲೇ ವಾರ್ಡ್‌ರೋಬ್ ಎಂಬ ಇಂದಿನ ಸಾಮಾನ್ಯ ಕೊಠಡಿ ನಕ್ಷೆಯ ಬೇರು ಇಂಥ ಮಿತವ್ಯಯದಲ್ಲಿದೆ. ನ್ಯೂಯಾರ್ಕಿನಲ್ಲಿ 1919ರಲ್ಲಿ ತೆರೆದ ಹೋಟೆಲ್ ಪೆನ್ಸಿಲ್ವೇನಿಯಾದಲ್ಲಿ ಸ್ಟಾಟ್ಲರ್ ‘ಸರ್ವಿಡಾರ್’ ಬಾಗಿಲುಗಳನ್ನು ಬಳಸಿದ. ಒಗೆಯಬೇಕಾದ ಬಟ್ಟೆಯನ್ನು ಅತಿಥಿ ಬಾಗಿಲಿನೊಳಗಿನ ಗೂಡಿನಲ್ಲಿಟ್ಟರೆ, ಸಿಬ್ಬಂದಿ ಹೊರಗಿನಿಂದಲೇ ಅದನ್ನು ತೆಗೆದುಕೊಂಡು ಹೋಗುತ್ತಿದ್ದರು. ಇಂದಿನ ಪೆನಿನ್ಸುಲಾ ಹೋಟೆಲು ಸರಣಿಯ ಕೊಠಡಿಗಳಲ್ಲಿರುವ ‘ವ್ಯಾಲೆಟ್ ಪೆಟ್ಟಿಗೆ’ಗಳು ಇದೇ ಉಪಾಯದ ಮುಂದುವರಿಕೆ.

ವಾಸ್ತುಶಿಲ್ಪಿಗಳ ಕಾಲ

ಎರಡನೆಯ ಮಹಾಯುದ್ಧದ ನಂತರ ವಿಮಾನ ಪ್ರಯಾಣ ಹೆಚ್ಚಿತು. ಟ್ರಂಕುಗಳ ಜಾಗಕ್ಕೆ ಸೂಟ್‌ಕೇಸ್ ಬಂತು, ತಂಗುವ ಅವಧಿ ಕುಗ್ಗಿತು, ಕಪಾಟು ಕಿರಿದಾಯಿತು. ಕೋಪನ್‌ಹೇಗನ್‌ನಲ್ಲಿ 1960ರಲ್ಲಿ ತೆರೆದ ಎಸ್‌ಎಎಸ್ ರಾಯಲ್ ಹೋಟೆಲಿಗೆ ಆರ್ನೆ ಯಾಕೊಬ್ಸೆನ್ ಕಟ್ಟಡದಿಂದ ಹಿಡಿದು ಚಮಚದವರೆಗೆ ಎಲ್ಲವನ್ನೂ ವಿನ್ಯಾಸಗೊಳಿಸಿದ. ಅಲ್ಲಿ ಮುಚ್ಚಳ ಎತ್ತಿದರೆ ದೀಪ, ಕನ್ನಡಿ ಸಿಗುವ ಅಲಂಕಾರದ ಪೆಟ್ಟಿಗೆಗಳು ಗೋಡೆಯ ಮರದ ಹಲಗೆಗೇ ಜೋಡಣೆಯಾಗಿದ್ದವು. 606ನೆಯ ಕೊಠಡಿಯನ್ನು ಇಂದಿಗೂ ಮೂಲರೂಪದಲ್ಲಿ ಉಳಿಸಿಕೊಳ್ಳಲಾಗಿದೆ. ನ್ಯೂಯಾರ್ಕಿನಲ್ಲಿ 1984ರಲ್ಲಿ ಆಂದ್ರೆ ಪುಟ್‌ಮನ್ ರೂಪಿಸಿದ ಮಾರ್ಗನ್ಸ್ ಹೋಟೆಲು ಬುಟೀಕ್ ಹೋಟೆಲುಗಳ ಅಲೆಯನ್ನು ಆರಂಭಿಸಿತು. ಪ್ರತಿ ಹೋಟೆಲಿಗೂ ತನ್ನದೇ ಆದ ಒಳಾಂಗಣ ಬೇಕೆಂಬ ಬೇಡಿಕೆ ಬಲಗೊಂಡಿತು.

ಹಾಂಗ್‌ಕಾಂಗ್ ಹಿಲ್ಟನ್ 1974ರಲ್ಲಿ ಮದ್ಯ ತುಂಬಿದ ಮಿನಿಬಾರನ್ನು ಕೊಠಡಿಗಳಿಗೆ ತಂದ ಮೇಲೆ ಆ ಸೇವೆ ಎಲ್ಲೆಡೆ ಹರಡಿತು. ಅದರೊಂದಿಗೆ ತಿಜೋರಿ, ಇಸ್ತ್ರಿಹಲಗೆಗಳೂ ಸೇರಿ ಕಪಾಟಿನ ಒಳಗಿನ ಜಾಗ ಹರಿದು ಹಂಚಿಹೋಯಿತು.

ಭಾರತದಲ್ಲಿ

ಭಾರತದ ಹವೆ ಇಲ್ಲಿನ ಕಪಾಟುಗಳಿಗೆ ಬೇರೆಯೇ ಪರೀಕ್ಷೆ ಒಡ್ಡಿತು. ಮಳೆಗಾಲದ ಬೂಷ್ಟು, ಗೆದ್ದಲುಗಳ ಕಾರಣ ವಸಾಹತು ಕಾಲದ ಬೀರುಗಳನ್ನು ತೇಗ, ಬೀಟೆಯಂಥ ಗಟ್ಟಿಮರದಲ್ಲಿ, ನೆಲದಿಂದ ಎತ್ತರಿಸಿದ ಕಾಲುಗಳ ಮೇಲೆ ಮಾಡುತ್ತಿದ್ದರು. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ (1903) ದೇಶದ ಐಷಾರಾಮಿ ಹೋಟೆಲುಗಳಿಗೆ ಮೇಲ್ಪಂಕ್ತಿಯಾಯಿತು. ಸ್ವಾತಂತ್ರ್ಯಾನಂತರ ಅರಮನೆಗಳು ಹೋಟೆಲುಗಳಾದವು: ಉದಯಪುರದ ಲೇಕ್ ಪ್ಯಾಲೇಸ್ 1963ರಲ್ಲಿ, ವೈಸ್‌ರಾಯ್ ವಾಸ್ತವ್ಯಕ್ಕೆಂದು 1921ರಲ್ಲಿ ಕಟ್ಟಿಸಿದ ಮೈಸೂರಿನ ಲಲಿತಮಹಲ್ 1974ರಲ್ಲಿ. ಇಂಥ ಪಾರಂಪರಿಕ ಕಟ್ಟಡಗಳಲ್ಲಿ ಗೋಡೆ ಕೊರೆಯುವುದು ಸಲ್ಲದು. ಹಾಗಾಗಿ ಗೋಡೆಗೆ ಧಕ್ಕೆ ತಾರದ ಬಿಡಿ ವಾರ್ಡ್‌ರೋಬೇ ಇಲ್ಲಿ ಸೂಕ್ತ. ಸೀರೆ, ಶೇರ್ವಾನಿ, ಲೆಹೆಂಗಾಗಳ ಮದುವೆ ಅತಿಥಿಗಳಿಗೆ ಉದ್ದನೆಯ ತೂಗುಜಾಗ, ಅಗಲವಾದ ಹಲಗೆ ಎರಡೂ ಬೇಕಾಗುತ್ತವೆ.

ವಿನ್ಯಾಸ ಮತ್ತು ತಯಾರಿಕೆ

ಇಂದು ನೂರಾರು ಕೊಠಡಿಗಳ ಕೆಲಸಕ್ಕೆ ಮುನ್ನ ಒಂದು ಮಾದರಿ ಕೊಠಡಿಯನ್ನು ಕಟ್ಟಿ, ಮಾಲೀಕರು ಮತ್ತು ನಿರ್ವಹಣಾ ಸಂಸ್ಥೆಯ ಒಪ್ಪಿಗೆ ಪಡೆಯುತ್ತಾರೆ. ನಕ್ಷೆಯಲ್ಲಿ ಒಂದೇ ಅಳತೆಯಿದ್ದರೂ ಕಟ್ಟಿದ ಗೋಡೆಗಳು ಕೋಣೆಯಿಂದ ಕೋಣೆಗೆ ತುಸು ಹೆಚ್ಚುಕಡಿಮೆ ಇರುತ್ತವೆ. ಅದಕ್ಕಾಗಿ ಕಪಾಟಿನ ಅಂಚಿಗೆ ಸ್ಥಳದಲ್ಲೇ ಕೆತ್ತಿ ಹೊಂದಿಸುವ ಪಟ್ಟಿಯನ್ನು ಬಿಡುತ್ತಾರೆ. ಬೆನ್ನಿಗೆ ಸ್ನಾನಗೃಹದ ಗೋಡೆ ಇದ್ದರೆ ತೇವ ತಡೆಯುವ ಪ್ಲೈವುಡ್ ಬೇಕು. ಸದ್ದು ಮಾಡದ ಮಿನಿಬಾರ್ ಫ್ರಿಜ್ಜುಗಳು ಶಾಖ ಹೊರಸೂಸುವುದರಿಂದ ಗಾಳಿಯಾಡುವ ದಾರಿ ಅನಿವಾರ್ಯ. ನಿಧಾನವಾಗಿ ಮುಚ್ಚುವ ಕೀಲು, ಬಾಗಿಲು ತೆರೆದೊಡನೆ ಬೆಳಗುವ ಎಲ್‌ಇಡಿ ದೀಪ ಈಗ ಸಾಮಾನ್ಯ. ಅಂಗವಿಕಲ ಸ್ನೇಹಿ ಕೊಠಡಿಗಳಲ್ಲಿ ಗಾಲಿಕುರ್ಚಿಯಿಂದ ಕೈಗೆಟುಕಬೇಕಾದ ಎತ್ತರವನ್ನು ಅಮೆರಿಕದ 2010ರ ಮಾನದಂಡ ಗರಿಷ್ಠ 48 ಇಂಚಿಗೆ ಮಿತಿಗೊಳಿಸಿದೆ.

ಇತ್ತೀಚಿನ ಪ್ರವೃತ್ತಿ

ಇಂದು ದಾರಿ ಎರಡಾಗಿ ಕವಲೊಡೆದಿದೆ. ಮಿಲಾನ್‌ನಲ್ಲಿ 2014ರಲ್ಲಿ ಆರಂಭವಾದ ಮಾಕ್ಸಿಯಂಥ ಮಧ್ಯಮ ದರದ ಹೋಟೆಲುಗಳು ಕಪಾಟನ್ನೇ ಕೈಬಿಟ್ಟು ಗೋಡೆಗೆ ಗೂಟಗಳನ್ನು ಹೊಡೆದಿವೆ. ಟೋಕಿಯೊದ ಪೆನಿನ್ಸುಲಾದಂಥ (2007) ದುಬಾರಿ ಹೋಟೆಲುಗಳಲ್ಲಿ ವಾರ್ಡ್‌ರೋಬ್ ಉಗುರುಬಣ್ಣ ಒಣಗಿಸುವ ಯಂತ್ರವೂ ಇರುವ ಪ್ರತ್ಯೇಕ ಉಡುಪುಕೋಣೆಯಾಗಿ ಬೆಳೆದಿದೆ. ಒಂದೆರಡು ರಾತ್ರಿ ತಂಗುವವರು ಸೂಟ್‌ಕೇಸನ್ನೇ ಬಿಚ್ಚದ ಈ ಕಾಲದಲ್ಲಿ, ವಿಶಾಲವಾದ ವಾರ್ಡ್‌ರೋಬ್ ಅಗತ್ಯಕ್ಕಿಂತ ಹೆಚ್ಚಾಗಿ ಹೋಟೆಲಿನ ದರ್ಜೆಯ ಗುರುತಾಗಿ ಉಳಿದಿದೆ.